ಒಂದು ಚಿಟಿಕೆ ಮಶೇರಿ

ಅತ್ತೆಯ ಹೆಣದ ಮೇಲೆ ನೀರು ಹಾಕುತ್ತಿದ್ದ ರೂಪಾಲಿಯ ಕೈಯನ್ನು ಸಾಂವಕ್ಕ ತಡೆದಳು. ಸತ್ತ ಹೌಸಾಬಾಯಿಯ ಒಡಹುಟ್ಟಿದ ತಂಗಿ ಅವಳು. ಮೊದಲ ಬಸ್ಸಿಗೆ ರಾಯಬಾಗದಿಂದ ಮಹಾರಾಷ್ಟ್ರದ ಇಚಲಕರಂಜಿಗೆ ಬಂದಿಳಿದವಳು, ಬಂದಾಗಿನಿಂದ ಎಲ್ಲರ ಮೇಲೂ ಯಜಮಾನಿಕೆ ನಡೆಸುತ್ತಿದ್ದಳು.

“ಬಾಯಾಗ ಮಶೇರಿ ಹಾಕಿಯೇನ? ಅಕ್ಕ ಒಂದ ದಿನಾನೂ ಹಲ್ಲಿಗೆ ಮಶೇರಿ ತಿಕ್ಕಲಾರದ ಮನಿ ಬಿಟ್ಟ ಹೊರಗ ಹೋದಾಕಿ ಅಲ್ಲ.”

ಸತ್ತವರಿಗೆ ಇಷ್ಟವಾದದ್ದನ್ನು ಬಾಯಿಗಿಟ್ಟು ಕಳಿಸುವುದು ಅವರಲ್ಲಿ ನಡೆದುಬಂದ ಪದ್ಧತಿ. ಆದರೆ ಹೌಸಾಬಾಯಿಯ ಡಬ್ಬಿ ಖಾಲಿಯಾಗಿತ್ತು. ಬಾಯಿಯ ಹುಣ್ಣು ಗಲ್ಲವನ್ನೇ ತಿಂದ ಮೇಲೆ ಮುದುಕಿಗೆ ಬಾಯಿ ತೆರೆಯಲೂ ಆಗುತ್ತಿರಲಿಲ್ಲ, ಅವಳಿಗೆಂದು ಮಶೇರಿ ಮಾಡುವುದು ನಿಂತಿತ್ತು. ರೂಪಾಲಿಯದೂ ಆ ಬೆಳಗ್ಗೆ ತಿಕ್ಕಿದ್ದಕ್ಕೇ ಮುಗಿದಿತ್ತು. ತಂಬಾಕಿನ ಎಲೆ ಇತ್ತು, ಕಪ್ಪಗೆ ಹುರಿದು ಪುಡಿ ಮಾಡಬೇಕಿತ್ತು. ಹೆಣ ಮನೆಯಲ್ಲಿರುವಾಗ ಒಲೆ ಹೊತ್ತಿಸುವಂತಿಲ್ಲ. ಏನು ಮಾಡುವುದೆಂದು ಹೆಂಗಸರು ಚರ್ಚೆಗೆ ಕೂತರು. ಅಷ್ಟರಲ್ಲಿ ರೂಪಾಲಿಯ ಮಗಳು, ಏಳನೆಯ ಇಯತ್ತೆ ಓದುವ ಸಪನಾ, ಕಣ್ಣೊರೆಸಿಕೊಳ್ಳುತ್ತ ಎದ್ದು ಹೊರಗೆ ಹೋದಳು. ಪಾಪ, ಅಜ್ಜಿಯ ಕೂಸು, ಎಲ್ಲಾದರೂ ಒಬ್ಬಳೇ ಕೂತು ಅಳಲಿ ಎಂದುಕೊಂಡಳು ರೂಪಾಲಿ.

*

ಸಪನಾ ಐದನೆಯ ಇಯತ್ತೆಯಲ್ಲಿದ್ದಾಗ ಹಲ್ಲುನೋವಿನಿಂದ ಗಲ್ಲ ಬಾತು ಕೂತಿತ್ತು. ರೂಪಾಲಿಗೆ ಮಗ್ಗದ ಕಾರ್ಖಾನೆಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಲೇ ಅಂದಿದ್ದಳು, “ಅತ್ತಿ, ಒಂದ ಚಿಟಿಕಿ ಮಶೇರಿ ಹಚ್ರಿ ಆ ಹಲ್ಲಿಗೆ.” ಸಂಜೆ ಬಂದು ನೋಡಿದರೆ ಹುಡುಗಿ ನಗುತ್ತ ಆಡುತ್ತಿದ್ದಳು. ಅತ್ತೆಯ ಕೈಗುಣ ದೊಡ್ಡದು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು ರೂಪಾಲಿ.

ಆ ಓಣಿಯ ತಿಳಿವಳಿಕೆಯೇ ಹಾಗೆ. ಗುಟಕಾ ಪೋಲಿಗಳದ್ದು, ಬೀಡಿ ಗಂಡಸರದ್ದು, ಮಶೇರಿ ಅಂದರೆ ಹಲ್ಲುಪುಡಿ. ಹೋದ ವರ್ಷ ಶಾಲೆಯಲ್ಲಿ ತಂಬಾಕು ಮುಟ್ಟುವುದಿಲ್ಲವೆಂದು ಮಕ್ಕಳಿಂದ ಶಪಥ ಮಾಡಿಸಿದರು. ಎಲ್ಲರಿಗಿಂತ ಮುಂದೆ ನಿಂತು ಮರಾಠಿಯಲ್ಲಿ ಶಪಥ ಹೇಳಿಕೊಟ್ಟವಳು ಸಪನಾ. ಮನೆಗೆ ಬಂದವಳೇ ಅಪ್ಪ ಬಸವಂತನ ಗುಟಕಾ ಪುಡಿಕೆಗಳನ್ನು ಗಟಾರಕ್ಕೆ ಎಸೆದಳು. ಹೌಸಾಬಾಯಿ ಕರಿ ಹಲ್ಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗನಿಗೆ ಹಾಗೇ ಆಗಬೇಕು ಅಂದಳು.

ಅದಾದ ಮೇಲೆ ಮುದುಕಿಯ ಬಾಯಲ್ಲಿ ಹುಣ್ಣು. ಕೊಲ್ಹಾಪುರದ ಡಾಕ್ಟರು ತಂಬಾಕು ತಿನ್ನುತ್ತೀರಾ ಎಂದು ಕೇಳಿದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಇಲ್ಲವೆಂದರು. ಅದು ಸುಳ್ಳಲ್ಲ, ಅವರ ಮಟ್ಟಿಗೆ ಅದೇ ನಿಜ. ಡಾಕ್ಟರು ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಮಶೇರಿಯೂ ತಂಬಾಕೇ ಅಲ್ಲವೇನ್ರೀ ಬಾಯೀ ಅಂದರು. ಆವತ್ತಿನಿಂದ ರೂಪಾಲಿಯ ತಲೆ ಕಲಸುಮೇಲೋಗರವಾಗಿತ್ತು. ಹಾಗಂತ ತಾನು ತಿಕ್ಕುವುದನ್ನು ಬಿಟ್ಟಳೇ? ಎಲ್ಲಿಯ ಮಾತು! ಬೆಳಗ್ಗೆ ತಿಕ್ಕದಿದ್ದರೆ ತಲೆ ಸಿಡಿಯುತ್ತಿತ್ತು.

*

ಪಕ್ಕದ ಮನೆಯಿಂದ ಘಾಟು ಬಂತು. ರೂಪಾಲಿ ಒದ್ದೆ ಕೈಯಲ್ಲೇ ಎದ್ದು ಹೋದಳು.

ಸಪನಾ ನೆರೆಯವರ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಹೆಂಚಿನ ಮೇಲಿನ ತಂಬಾಕಿನ ಎಲೆಯನ್ನು ಬೆರಳ ತುದಿಯಲ್ಲೇ ಮಗುಚಿದಳು. ಒಂದು ಚೂರು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದಳು. ತೋರುಬೆರಳಿಗೆ ಹಚ್ಚಿಕೊಂಡು, ತುಟಿ ಎತ್ತಿ, ಹಿಂದಿನ ಹಲ್ಲಿಗೆ ಸರಸರ ತಿಕ್ಕಿದಳು. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ಕೂತಳು. ಆಮೇಲೆ ಬೂದಿಯಲ್ಲಿ ಉಗುಳಿ, ಎಲೆಯನ್ನು ಇನ್ನಷ್ಟು ಕರಿಯಾಗಲು ಬಿಟ್ಟಳು. ಅದೆಲ್ಲ ಹೌಸಾಬಾಯಿಯದೇ ರೀತಿ. ರೂಪಾಲಿ ಹೋಗಿ ಅವಳ ಎದುರು ನಿಂತಳು.

“ಯಾವಾಗಿಂದ ತಿಕ್ಕಾಕತ್ತಿ?”

“ಹಲ್ಲ ನೂಸಿತ್ತಲ್ಲ, ಅವಾಗಿಂದ. ನೀನ ಹಚ್ಚಂದಿದ್ದಿ.”

“ಮತ್ತ ಸಾಳ್ಯಾಗ ಶಪಥ ಮಾಡೀದಿ?”

ಹುಡುಗಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಅದು ತಂಬಾಕಿಂದವ್ವಾ. ಇದು ಮಶೇರಿ.”

ಹೊಡೆಯಬೇಕೆಂದು ಎತ್ತಿದ ಕೈ ಅಲ್ಲೇ ನಿಂತಿತು. ಯಾರಿಗೆ ಹೊಡೆಯುವುದು? ಏನೆಂದು ಹೇಳಿ ಹೊಡೆಯುವುದು? ಅಷ್ಟರಲ್ಲಿ ಸಾಂವಕ್ಕ ಹಿಂದಿನಿಂದ ಬಂದು, ಪುಡಿಯನ್ನು ಮೂಸಿ ಕಣ್ಣೀರು ತಂದುಕೊಂಡಳು.

“ಅಕ್ಕಾನ ಕೈ ಇಳದೈತಿ ಮೊಮ್ಮಗಳೊಳಗ. ಅಕ್ಕ ಎಲ್ಲೂ ಹೋಗಿಲ್ಲ ಬಿಡ.”

ಹೆಂಗಸರೆಲ್ಲ ಹೌದ್ರಿ ಹೌದ್ರಿ ಅಂದರು. ರೂಪಾಲಿಗೆ ಕೂಗಬೇಕೆನಿಸಿತು. ಮುದುಕಿಯ ಬಾಯಿ ಬಿಗಿದುಕೊಂಡಿತ್ತು, ಮಶೇರಿಯನ್ನು ತುಟಿಗೆ ಸವರಿ ಹೆಣ ಎತ್ತಿದರು.

ಗಂಡಸರು ಓಣಿಯ ತಿರುವು ದಾಟುತ್ತಲೇ ರೂಪಾಲಿ ಮಗಳ ರಟ್ಟೆ ಹಿಡಿದು ನಳದ ಹತ್ತಿರ ಎಳೆದುಕೊಂಡು ಹೋದಳು. ಬಾಯಿ ಮುಕ್ಕಳಿಸಿದರೂ ಹಿಂದಿನ ಹಲ್ಲಿನ ಕಪ್ಪು ಹೋಗಲಿಲ್ಲ. ರೂಪಾಲಿ ತನ್ನ ತೋರುಬೆರಳನ್ನೇ ಹಾಕಿ ಗಸಗಸ ತಿಕ್ಕತೊಡಗಿದಳು. ಹುಡುಗಿ ಬೆರಳನ್ನು ಉಗುಳಿ ಹಿಂದೆ ಸರಿದಳು.

“ಅವ್ವಾ, ನಿನ್ನ ಬಟ್ಟ ಮಶೇರಿ ಆಗೈತಿ. ಖಾರ ಹತ್ತತೈತಿ.”

ರೂಪಾಲಿ ಬೆರಳನ್ನು ನೋಡಿದಳು. ಉಗುರಿನ ಸಂದಿ, ಚರ್ಮದ ಗೆರೆ ಎಲ್ಲ ಕಪ್ಪು. ಬಗ್ಗಿ ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ಹಚ್ಚಿ ತಿಕ್ಕತೊಡಗಿದಳು. ಸಪನಾ ಬಾಯಿ ತೆರೆದುಕೊಂಡು ಕಾಯುತ್ತ ನಿಂತಳು.