ಮೂರನೇ ಗೇರಿನಲ್ಲಿ ಹೊರಟ ಗಾಡಿ

ಬಸ್ಸು ಲಾರಿಗಳ ಗೇರ್‌ಬಾಕ್ಸ್ ರಿಪೇರಿ ಮಾಡುವ ಆ ಶೆಡ್ಡಿನಲ್ಲಿ ಒಂದು ರೇಸ್ ಕಾರು ಹುಟ್ಟೀತೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಹುಟ್ಟಿಸಿದವರು ಅಕ್ಕ-ತಮ್ಮ. ಅಕ್ಕ ಸದ್ದು ಕೇಳಿಯೇ ಯಾವ ಗೇರಿನ ಹಲ್ಲು ಸವೆದಿದೆಯೆಂದು ಹೇಳುವವಳು. ತಮ್ಮ ಸ್ಟೀರಿಂಗ್ ಕೈಗೆ ಸಿಕ್ಕರೆ ಊಟ ಮರೆಯುವವನು. ಗುಜರಿಯಿಂದ ತಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಎರಡು ವರ್ಷ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ, ವರ್ಷಕ್ಕೊಮ್ಮೆ ನಡೆಯುವ ಹತ್ತು ಗಂಟೆಗಳ ರೇಸಿಗೆ ಹೆಸರು ಕೊಟ್ಟೇಬಿಟ್ಟರು.

ಮೊದಲ ವರ್ಷ ನಾಲ್ಕನೇ ಗಂಟೆಗೆ ಎಂಜಿನ್ ಹೊಗೆಯುಗುಳಿತು. ಎರಡನೇ ವರ್ಷ ಚಕ್ರವೊಂದು ಕಾರಿಗಿಂತ ಮುಂದೆ ಓಡಿತು. ಮೂರನೇ ವರ್ಷ ತಮ್ಮ ಅವಸರಪಟ್ಟು ತಡೆಗೋಡೆಗೆ ಗುದ್ದಿದ. ಮೂರು ಸಲವೂ ಕಾರು ಮನೆಗೆ ಬಂದದ್ದು ಲಾರಿ ಮೇಲೆ.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದರ ತಂಡ ತಮ್ಮನನ್ನು ಕರೆಯಿತು. ಅವನು ಅಡುಗೆಮನೆಗೆ ಬಂದು ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತ.

"ಕೋಪಾನಾ ಅಕ್ಕಾ?"

"ಕೋಪ ಇದೆ. ಆದ್ರೂ ಹೋಗು. ಇಲ್ಲೇ ಇದ್ದು ಮುಖ ಊದಿಸ್ಕೊಂಡು ಓಡಿಸೋದು ಬೇಡ."

ಅವನು ಹೋದ. ತಂಡದ ಕಥೆ ಮುಗಿಯಿತೆಂದು ಎಲ್ಲರೂ ಮಾತಾಡಿಕೊಂಡರು. ಉಳಿದ ಡ್ರೈವರ್ ಒಬ್ಬನೇ, ವಾರವಿಡೀ ಹಲ್ಲು ಕಿತ್ತು ಭಾನುವಾರ ಕಾರು ಓಡಿಸುವ ಡಾಕ್ಟರ್. ಅಕ್ಕ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದಳು. ವೇಗಕ್ಕೆ ಕೊರತೆ ಇರಲಿಲ್ಲ; ಕಾರನ್ನು ಹೋದ ಹಾಗೇ ವಾಪಸ್ ತರುವವರು ಇರಲಿಲ್ಲ.

ಅದೇ ವಾರ ಒಂದು ಸ್ಕೂಲ್ ಬಸ್ಸು ಶೆಡ್ಡಿಗೆ ಬಂತು. ಒರಟು ಕಾಲಿಗೆ ಬೇಗ ಸವೆಯುವ ಕ್ಲಚ್ಚನ್ನು ಅಕ್ಕ ಬಿಚ್ಚಿ ನೋಡಿದಳು. ಹೆಚ್ಚುಕಮ್ಮಿ ಹೊಸದರಂತಿತ್ತು.

"ಇದನ್ನ ಹಾಕ್ಸಿ ಎಷ್ಟು ದಿನ ಆಯ್ತು?"

"ಒಂಬತ್ತು ವರ್ಷ," ಎಂದಳು ಬಸ್ಸು ಓಡಿಸುವ ಹೆಂಗಸು. ಮಕ್ಕಳೆಲ್ಲ ಅವಳನ್ನು ಬಸ್ಸಮ್ಮ ಎನ್ನುತ್ತಿದ್ದರು.

"ರೇಸ್ ಓಡಿಸ್ತೀರಾ?"

"ನಂಗೆ ಐವತ್ತೊಂದು ಕಣಮ್ಮ. ಹುಚ್ಚಾ ನಿಂಗೆ?"

"ಸ್ವಲ್ಪ."

ಬಸ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮುಂದಿನ ಭಾನುವಾರ ಬಂದಳು. ಎಂಟು ತಿಂಗಳು ಒಂದು ಭಾನುವಾರವೂ ತಪ್ಪಿಸದೆ ಬಂದು ರೇಸಿನ ಲೈಸೆನ್ಸ್ ಪಡೆದಳು.

ರೇಸಿನ ದಿನ ಬೆಳಿಗ್ಗೆ ಎಂಟಕ್ಕೆ ಮೂವತ್ತಾರು ಕಾರುಗಳು ಹೊರಟವು. ಡಾಕ್ಟರೂ ಬಸ್ಸಮ್ಮನೂ ಪಾಳಿಯ ಮೇಲೆ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ತಮ್ಮನ ಕಂಪನಿಯ ಒಂದು ಕಾರು ಎಂಜಿನ್ ಸುಟ್ಟುಕೊಂಡು ನಿಂತಿತು. ಅದನ್ನು ಓಡಿಸುತ್ತಿದ್ದವನು ತಮ್ಮನೇ. ಅಕ್ಕನ ಕಾರು ಇನ್ನೂ ಓಡುತ್ತಿತ್ತು. ಸಂಜೆ ನಾಲ್ಕಕ್ಕೆ ಡಾಕ್ಟರ್ ಕಾರನ್ನು ಟ್ರ್ಯಾಕಿನ ಪಕ್ಕದ ರಿಪೇರಿ ಜಾಗವಾದ ಪಿಟ್ಟಿಗೆ ತಿರುಗಿಸಿದಾಗ ಒಳಗಿಂದ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂತು.

ಗೇರ್‌ಬಾಕ್ಸ್ ಬಿಚ್ಚಿದರು. ಎರಡನೇ ಗೇರಿನ ಹಲ್ಲುಗಳು ಉದುರಿ ಒಂದನೆಯದನ್ನೂ ಹಾಳು ಮಾಡಿದ್ದವು. ಬದಲಿ ಗೇರು ಇರಲಿಲ್ಲ.

ಅಕ್ಕ ಹೇಳಿದಳು: "ಚೂರೆಲ್ಲ ತೆಗೀರಿ. ಮೂರು, ನಾಲ್ಕು, ಐದು ಸಾಕು."

"ಸಾಕು ಬಿಡು ಅಕ್ಕಾ," ಎಂಬ ದನಿ ಕೇಳಿತು. ಪಿಟ್ಟಿನ ಹಳದಿ ಗೆರೆಯಾಚೆ ತಮ್ಮ ನಿಂತಿದ್ದ. "ನಮ್ಮವರೇ ಒಂದು ಕಾರು ನಿಲ್ಲಿಸಿಬಿಟ್ರು."

"ನಿಮ್ಮವರಿಗೆ ಇನ್ನೊಂದು ಕಾರಿದೆ. ನಂಗೆ ಇದೊಂದೇ."

ತಮ್ಮ ನೆರವಿಗೆಂದು ಕೈ ಚಾಚಿ ಮುಂದೆ ಬಂದ.

"ಗೆರೆ ದಾಟ್ಬೇಡ! ಬೇರೆ ತಂಡದವರು ಮುಟ್ಟಿದ್ರೆ ನಮ್ಮನ್ನ ಹೊರಗೆ ಹಾಕ್ತಾರೆ."

ಉದುರಿದ್ದ ಹಲ್ಲು ಹನ್ನೆರಡು, ಸಿಕ್ಕಿದ್ದು ಹನ್ನೊಂದು. ಒಳಗೆ ಒಂದೇ ಒಂದು ಉಳಿದರೂ ಗೇರ್‌ಬಾಕ್ಸ್ ಕಚ್ಚಿಕೊಂಡು ಒಡೆಯುವುದು ಖಂಡಿತ. ಅಕ್ಕ ಬಿಸಿ ಎಣ್ಣೆಯಲ್ಲಿ ಬೆರಳಾಡಿಸಿ ಹುಡುಕಿದಳು, ಬಟ್ಟೆ ಹಿಂಡಿ ನೋಡಿದಳು. ಶೆಡ್ಡಿನ ಇಬ್ಬರು ಮೆಕ್ಯಾನಿಕ್‌ಗಳು ಬಾಕ್ಸನ್ನು ಎರಡೆರಡು ಸಲ ತೊಳೆದರು. ಇಲ್ಲ. ಕೈಗೆ ಬೊಬ್ಬೆ ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ತಮ್ಮ ಗೆರೆಯಾಚೆ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೊತ್ತಿ ನೋಡುತ್ತಿದ್ದ. ಬಿಳಿ ಡ್ರೆಸ್ಸೆಲ್ಲ ಎಣ್ಣೆಮಯ.

"ಅಲ್ಲಿ! ಜ್ಯಾಕಿನ ಚಕ್ರದ ಹಿಂದೆ! ಬಾಕ್ಸ್ ಬಿಚ್ಚುವಾಗಲೇ ಹಾರಿದೆ!"

ಹನ್ನೆರಡನೆಯದು ಅಲ್ಲಿತ್ತು.

ಮತ್ತೆ ಜೋಡಿಸಿ, ಟ್ಯಾಂಕ್ ತುಂಬಿಸುವಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಉಳಿದದ್ದು ಎಪ್ಪತ್ತು. ರೇಸ್ ಮುಗಿಸಿದವರೆನಿಸಿಕೊಳ್ಳಲು ಇನ್ನೂ ಮೂವತ್ತು ಸುತ್ತು ಬೇಕೆಂದ ಡಾಕ್ಟರ್ ಬೆವರೊರೆಸಿಕೊಂಡ. "ಆದ್ರೆ ಮೂರನೇ ಗೇರಲ್ಲಿ ಹೊರಟ್ರೆ ಕ್ಲಚ್ ಸುಟ್ಟೋಗುತ್ತೆ. ನನ್ನ ಕೈಲಾಗಲ್ಲ."

ಬಸ್ಸಮ್ಮ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. "ನಮ್ಮ ಹಳೇ ಬಸ್ಸಿಗೆ ಒಂದನೇ ಗೇರು ಬೀಳ್ತಾನೇ ಇರ್ಲಿಲ್ಲ. ಎರಡು ವರ್ಷ ಮೂವತ್ತು ಮಕ್ಕಳನ್ನ ಕೂರಿಸ್ಕೊಂಡು ಓಡಿಸಿದೀನಿ. ತಳ್ಳೋರು ಯಾರೂ ಬೇಡ, ಎಲ್ಲಾ ಸರೀರಿ."

ಕಾರು ಒಮ್ಮೆ ನಡುಗಿತು. ಕ್ಲಚ್ಚಿನ ವಾಸನೆ ಎದ್ದಿತು. ಹಾಲು ತುಂಬಿದ ಪಾತ್ರೆ ಹೊತ್ತವರ ಹಾಗೆ ಕಾರು ಇಂಚಿಂಚಾಗಿ ಸರಿದು, ಉರುಳಿ, ಆಮೇಲೆ ಒಮ್ಮೆಲೇ ಮೊರೆದು ಹೊರಬಿತ್ತು.

ಬಸ್ಸಮ್ಮ ಮತ್ತೆ ನಿಲ್ಲಲಿಲ್ಲ. ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಟ್ಟಳು. ಯಾರೊಂದಿಗೂ ಜಿದ್ದಿಗೆ ಬೀಳಲಿಲ್ಲ. ತಿರುವುಗಳಲ್ಲಿ ಬ್ರೇಕನ್ನು ಮೆಲ್ಲಗೆ ತುಳಿದು ಓಟವನ್ನು ಉಳಿಸಿಕೊಂಡಳು. ಡಾಕ್ಟರ್ ಗೋಡೆಯ ಪಕ್ಕ ನಿಂತು ಸುತ್ತುಗಳನ್ನು ಗಟ್ಟಿಯಾಗಿ ಎಣಿಸಿದ. ಮೂವತ್ತು ಎನ್ನುತ್ತ ಎರಡೂ ಕೈಯಿಂದ ಗೋಡೆ ಬಡಿದ. ಆರು ಗಂಟೆಗೆ ಬಾವುಟ ಬೀಸಿದಾಗ ಮೂವತ್ತೆರಡಾಗಿತ್ತು.

ಮುಗಿಸಿದ ಇಪ್ಪತ್ತೊಂದು ಕಾರುಗಳಲ್ಲಿ ಇವರದೇ ಕೊನೆಯದು. ಅಕ್ಕ ಫಲಿತಾಂಶದ ಹಾಳೆಯಲ್ಲಿ ತನ್ನ ತಂಡದ ಹೆಸರನ್ನು ಮೂರು ಸಲ ಓದಿ, ಟೈರಿನ ಮೇಲೆ ಕುಸಿದು ಕುಳಿತು ಅತ್ತಳು. ಈಗ ಗೆರೆಯ ಹಂಗಿರಲಿಲ್ಲ. ತಮ್ಮ ಬಂದು ಪಕ್ಕದಲ್ಲಿ ಕೂತ.

"ನಂಗೆ ತಂಡದಲ್ಲಿ ಇನ್ನೂ ಜಾಗ ಇದೆಯಾ?"

"ಇದೆ. ಆದ್ರೆ ಬಸ್ಸಮ್ಮನ ಹತ್ತಿರ ಕ್ಲಚ್ ಬಿಡೋದು ಕಲೀಬೇಕು."

"ಕಲೀತೀನಿ," ಎಂದ ತಮ್ಮ. ಅದು ತಮಾಷೆಯಾಗಿರಲಿಲ್ಲ.

ಕಂಪನಿಯ ಕರಾರು ಮುಗಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ಅವನು ವಾಪಸ್ ಬಂದ. ತಂಡ ಇನ್ನೂ ಒಂದೂ ರೇಸ್ ಗೆದ್ದಿಲ್ಲ. ಆದರೆ ಅಲ್ಲಿಂದೀಚೆಗೆ ಕಾರು ಒಮ್ಮೆಯೂ ಲಾರಿ ಹತ್ತಿ ಮನೆಗೆ ಬಂದಿಲ್ಲ. ಹೋದ ವರ್ಷ ಏಳನೇ ಸ್ಥಾನ ಬಂತು. ಈ ವರ್ಷ ಅಕ್ಕ ತಾನೇ ಕಡೆದ ಹೊಸ ಗೇರುಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಕಿವಿಯ ಹತ್ತಿರ ತಿರುಗಿಸಿ ನೋಡುತ್ತಿದ್ದಾಳೆ.