ಮೂಕಿ ಚಿತ್ರದಲ್ಲಿ ಆಡಿದ ಮಾತು

ಆ ಕಾಲದ ಹಾಲಿವುಡ್‌ನಲ್ಲಿ ಒಂದು ಕ್ಯಾಮೆರಾ, ಒಂದು ಕುರ್ಚಿ, ಒಂದು ದೊಡ್ಡ ಗಂಟಲು ಇದ್ದರೆ ಯಾರು ಬೇಕಾದರೂ ನಿರ್ದೇಶಕ. ಅಲ್ವಿನ್ ಸ್ಟ್ರೌಡ್‌ಗೆ ಮೂರೂ ಇದ್ದವು. ಕ್ಯಾಮೆರಾದೊಳಗೆ ಫಿಲ್ಮ್ ಇರುತ್ತಿರಲಿಲ್ಲ, ಅಷ್ಟೇ. ತಾರೆಯಾಗಲು ಅಯೋವಾದಿಂದಲೋ ಕಾನ್ಸಸ್‌ನಿಂದಲೋ ಗಂಟುಮೂಟೆ ಕಟ್ಟಿ ಬಂದವರನ್ನು ಎದುರಿಗೆ ನಿಲ್ಲಿಸಿ, ಖಾಲಿ ಪೆಟ್ಟಿಗೆಯ ಹಿಡಿ ತಿರುಗಿಸಿ, "ಅದ್ಭುತ!" ಎಂದು ಕೂಗಿ, ಜೇಬು ಹಗುರ ಮಾಡಿ ಕಳಿಸುತ್ತಿದ್ದ. ನಾನು, ಕೋರಾ ಬ್ರಿಗ್ಸ್, ಅವನ ಕಂಪನಿಯ ಏಕೈಕ ನಾಯಕಿ. ನಾಚಿಕೆಯಾಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಹೊಟ್ಟೆ ತುಂಬಿದ ಮೇಲೆ ಆಗುತ್ತಿತ್ತು.

ನನಗೆ ಉರಿಯುತ್ತಿದ್ದುದು ಬೇರೆ ವಿಷಯಕ್ಕೆ. "ಇದೊಂದು ಕೆಲಸ ಮುಗೀಲಿ ಕಣೇ, ಮದುವೆ ಆಗೋಣ" ಎಂದು ಆರು ವರ್ಷದಿಂದ ಹೇಳುತ್ತಿದ್ದ. ಕ್ಯಾಮೆರಾ ಮುಂದೆ ನನ್ನನ್ನು ನೂರು ಸಲ ಅಪ್ಪಿದ್ದಾನೆ. ಅದರ ಹಿಂದೆ ಕೈ ಹಿಡಿದದ್ದು ಒಂದೇ ಸಲ, ಅದೂ ಪೊಲೀಸರಿಂದ ಓಡುವಾಗ. ಇದು ಪ್ರೀತಿಯೋ ಬರಿಯ ಪಾಲುದಾರಿಕೆಯೋ ತಿಳಿಯುವಷ್ಟರಲ್ಲಿ ನನಗೆ ಇಪ್ಪತ್ತೊಂಬತ್ತು ತುಂಬಿತ್ತು.

ಆಗ ಸಿಕ್ಕಿದವಳು ಶ್ರೀಮತಿ ಆಗಸ್ಟಾ ಪೆಂಡಲ್. ನಿಂಬೆ ತೋಟಗಳ ಒಡತಿ, ವಿಧವೆ, ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡವಳು. ಮಾತುಕತೆಯೆಲ್ಲ ಅವಳ ಸ್ಲೇಟಿನ ಮೇಲೆ. ಕೊರಳಲ್ಲಿ ಬಟಾಣಿ ಗಾತ್ರದ ಮುತ್ತಿನ ಸರ. ನಮ್ಮ ಚಿತ್ರದ ರಾಜಕುಮಾರಿಯ ಮದುವೆಯ ದೃಶ್ಯಕ್ಕೆ ಅದನ್ನು ಎರವಲು ಕೊಡಲು ಒಪ್ಪಿದಳು, ಆದರೆ ಮಾರನೆಯ ದಿನವೇ ಚಿತ್ರ ತೋರಿಸಬೇಕೆಂದು ಹಟ ಹಿಡಿದಳು. ಹೀಗಾಗಿ ನಮ್ಮ ಕ್ಯಾಮೆರಾದ ಹೊಟ್ಟೆಗೆ ಮೊದಲ ಬಾರಿ ಫಿಲ್ಮ್ ಬಿತ್ತು. ಹಿಡಿ ತಿರುಗಿಸಲು ಬಾಡಿಗೆಗೆ ಒಬ್ಬನನ್ನು ಕರೆತಂದೆವು.

ಉಪಾಯ ಸರಳ. ಮದುಮಗನಾದ ಅಲ್ವಿನ್ ಮದುಮಗಳಾದ ನನ್ನನ್ನು ಅಪ್ಪಬೇಕು. ಉದ್ದನೆಯ ಮುಸುಕಿನಡಿ ಕೊಂಡಿ ಕಳಚಿ, ನಕಲಿ ಸರ ತೊಡಿಸಿ, ಅಸಲಿಯನ್ನು ತನ್ನ ಅಂಗಿಯ ತೋಳಿನೊಳಗೆ ಜಾರಿಸಬೇಕು.

"ಮೆಲ್ಲಗೆ ಮಾತಾಡೋ, ಅವಳು ಆ ತುದೀಲೇ ಕೂತಿದಾಳೆ," ಎಂದೆ.

"ಮುದುಕಿಗೂ ಕಿವಿ ಇಲ್ಲ, ಫಿಲ್ಮಿಗೂ ಕಿವಿ ಇಲ್ಲ. ಏನು ಬೇಕಾದ್ರೂ ಬಾಯ್ಬಿಟ್ಟು ಹೇಳು ಹೋಗೇ."

ಮೂಕಿ ಚಿತ್ರದವರ ಜಾಯಮಾನವೇ ಅದು. ಸಾವಿನ ದೃಶ್ಯದಲ್ಲಿ ಊಟದ ಮಾತು, ಪ್ರೇಮದ ದೃಶ್ಯದಲ್ಲಿ ಬೈಗುಳ. ಕೇಳುವವರಾದರೂ ಯಾರು?

ಅಪ್ಪುಗೆ ನಡೆಯಿತು. ಅವನ ಗಲ್ಲ ನನ್ನ ಹೆಗಲ ಮೇಲೆ, ಮುಖ ಕ್ಯಾಮೆರಾದ ಕಡೆ. ನನ್ನ ಕಿವಿಯ ಪಕ್ಕ ಅವನ ತುಟಿ ಅಲುಗುತ್ತಿತ್ತು, ದನಿ ಮಾತ್ರ ಇರಲಿಲ್ಲ. ಆಮೇಲೆ "ಏನೋ ಗೊಣಗ್ತಿದ್ದೆ?" ಎಂದು ಕೇಳಿದರೆ "ನಾನಾ? ಏನೂ ಇಲ್ವಲ್ಲ" ಎಂದ. ನಕಲಿ ಸರ ಆಗಸ್ಟಾಳ ಕೊರಳಿಗೆ ಮರಳಿತು; ಅಸಲಿಯನ್ನು ನನ್ನ ಟೋಪಿಯ ಒಳಗೆ ಇಟ್ಟು ನನ್ನಿಂದಲೇ ಹೊಲಿಸಿದ.

"ನಾಳೆ ಸಂಜೆ ಆರರ ರೈಲು. ಸ್ಟೇಷನ್‌ಗೆ ಬಂದ್ಬಿಡು. ಮದುವೆ... ಈ ಗಲಾಟೆ ತಣ್ಣಗಾಗ್ಲಿ ಕಣೇ."

ನಾನು ಅಂದೇ ಹೋಗಿ ಮರುದಿನದ ನಾಲ್ಕು ಗಂಟೆಯ ರೈಲಿಗೆ ಒಂದೇ ಒಂದು ಟಿಕೆಟ್ ತೆಗೆಸಿದೆ. ಆರು ವರ್ಷಕ್ಕೆ ಮುತ್ತಾದರೂ ನನಗೆ ದಕ್ಕಲಿ!

ಮಾರನೆಯ ದಿನ ಅನುಮಾನ ಬಾರದಿರಲೆಂದು ಆಗಸ್ಟಾಳ ಜೊತೆ ಚಿತ್ರ ನೋಡಲು ಕೂತೆ. ಅಪ್ಪುಗೆಯ ದೃಶ್ಯವನ್ನು ಅವಳು ಎರಡು ಸಲ ಹಾಕಿಸಿ ನೋಡಿದಳು. ದೀಪ ಹತ್ತಿದಾಗ ಸ್ಲೇಟನ್ನು ಬದಿಗಿಟ್ಟು ಬಾಯಿ ತೆರೆದಳು.

"ನನ್ನ ಮುತ್ತೆಲ್ಲಿ, ಮಗಳೇ?"

ಉತ್ತರ ಬರೆಯಲು ನಾನು ಸ್ಲೇಟಿಗೆ ಕೈ ಚಾಚಿದೆ; ಅವಳು ಅದನ್ನು ಇನ್ನೂ ದೂರ ಸರಿಸಿದಳು.

"ಐವತ್ತು ವರ್ಷದಿಂದ ಜನರ ತುಟಿ ಓದ್ಕೊಂಡೇ ಬದುಕಿದೀನಿ. ಸ್ಲೇಟು ಇಟ್ಕೊಂಡಿರೋದು ನಿಮ್ಮಂಥವ್ರು ಧೈರ್ಯವಾಗಿ ಬಾಯಿ ಬಿಡ್ಲಿ ಅಂತ. ನಿನ್ನೆ ನನ್ನ ದೂರ ಕೂರಿಸಿಬಿಟ್ರಿ. ಇವತ್ತು ನಿನ್ನ ಹುಡುಗನ ಮುಖ ಗೋಡೆಯಷ್ಟಗಲ ಕಾಣಿಸ್ತು."

ನಾನು ಟೋಪಿ ಹಿಡಿದು ಬಾಗಿಲ ಕಡೆ ನೋಡಿದೆ.

"ಓಡು ಬೇಕಾದ್ರೆ. ನಿನ್ನ ಹಿಂದೆ ಓಡೋ ವಯಸ್ಸಲ್ಲ ನಂದು. ಆದ್ರೆ ಅವನು ಏನಂದ ಅಂತ ನಿಂಗೆ ಯಾವತ್ತೂ ಗೊತ್ತಾಗಲ್ಲ. ಮುತ್ತು ಕೊಡು, ಹೇಳ್ತೀನಿ."

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಬುದ್ಧಿ ಇದ್ದವಳು ಓಡುತ್ತಿದ್ದಳು. ನಾನು ಟೋಪಿಯ ಹೊಲಿಗೆಯನ್ನು ಹಲ್ಲಿನಿಂದ ಕಿತ್ತೆ.

ಅವಳು ಸರ ತೊಟ್ಟು, ಕೊಂಡಿ ಸರಿಮಾಡಿಕೊಂಡು, ನಿಧಾನವಾಗಿ ಹೇಳಿದಳು: "ಎಣಿಸ್ತಿದ್ದ. ಒಂದು, ಎರಡು, ಮೂರು. ಹತ್ತಕ್ಕೆ 'ಸರ ಬಂತು' ಅಂದ."

"ಅಷ್ಟೇನಾ? ಇದಕ್ಕಾ ನಾನು ಮುತ್ತು ಕೊಟ್ಟಿದ್ದು?" ನನಗೆ ನಿಜವಾಗಿಯೂ ಅಳು ಬಂತು. ಅವನ ಮೇಲಿನ ಸಿಟ್ಟಿಗಿಂತ ನನ್ನ ಪೆದ್ದುತನದ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

"ತಾಳೇ ಸ್ವಲ್ಪ. ಕೆಲಸ ಆದ ಮೇಲೆ ಕಳ್ಳ ಎಲ್ಲಾದ್ರೂ ನಿಲ್ತಾನಾ? ಇವನು ನಿನ್ನನ್ನ ಬಿಡ್ಲೇ ಇಲ್ಲ. ಹನ್ನೊಂದು, ಹನ್ನೆರಡು ಅಂತ ಕಣ್ಮುಚ್ಚಿಕೊಂಡು ಎಣಿಸ್ತಾನೇ ಇದ್ದ. ನಲವತ್ಮೂರರ ತನಕ ನಂಗೆ ಕಾಣಿಸ್ತು." ಮುದುಕಿ ಮೂಗೊರೆಸಿಕೊಂಡಳು. "ನಮ್ಮ ಯಜಮಾನ್ರು ಐದಕ್ಕೇ ಬಿಟ್ಬಿಡ್ತಿದ್ರು. ಹೋಗು, ಪೊಲೀಸರನ್ನ ಕರೆಯೋ ಮನಸ್ಸು ಬರೋಕೆ ಮುಂಚೆ ಹೋಗು."

ಸ್ಟೇಷನ್‌ನಲ್ಲಿ ನಾಲ್ಕರ ರೈಲು ನನ್ನ ಕಣ್ಣೆದುರೇ ಹೊರಟುಹೋಯಿತು; ನಾನು ಹತ್ತಲಿಲ್ಲ. ಆರಕ್ಕೆ ಇನ್ನೂ ಹೊತ್ತಿರುವಾಗಲೇ ಅಲ್ವಿನ್ ಟ್ರಂಕು ಹೊತ್ತು ಬಂದ.

"ಟೋಪಿ ಯಾಕೇ ಹರಿದಿದೆ? ಮುತ್ತೆಲ್ಲಿ?"

"ವಾಪಸ್ ಕೊಟ್ಟೆ. ಮುದುಕಿ ತುಟಿ ಓದ್ತಾಳೆ."

ಅವನು ಟ್ರಂಕಿನ ಮೇಲೆ ಕುಸಿದು ಕೂತ. ಬೈಯುವ ಮೊದಲೇ ಕೇಳಿದೆ: "ಹತ್ತಕ್ಕೆ ಸರ ಕೈಗೆ ಬಂತಲ್ಲ, ಆಮೇಲೆ ನಲವತ್ಮೂರರ ತನಕ ಯಾಕೋ ಎಣಿಸ್ದೆ?"

ಮೂರು ಊರಿನ ಪೊಲೀಸರ ಮುಂದೆ ಬಣ್ಣ ಬದಲಿಸದ ಮುಖ ಕಿವಿಯವರೆಗೂ ಕೆಂಪಾಯಿತು.

"ಐವತ್ತೆರಡು," ಎಂದ, ನೆಲ ನೋಡುತ್ತ. "ಉಳಿದ ಒಂಬತ್ತು ನಿನ್ನ ಕೂದಲಲ್ಲಿ ಮುಖ ಹುದುಗಿಸಿ ಹೇಳಿದ್ದು."