ಹನ್ನೊಂದು ಪುಟಗಳ ಅಕ್ಷರ

ಗುಡಿಸುತ್ತಲೇ ಇದ್ದಾನೆ ಈ ಮಾಲಿ, ಪೊರಕೆ ಎಳೆದಷ್ಟೂ ಬೆನ್ನ ಹಿಂದೆ ಮತ್ತೆ ಎಲೆ ಉದುರುತ್ತವೆ, ಹಳದಿ, ಕಂದು, ಅಂಚು ಸುಟ್ಟಂಥವು, ಲೈಬ್ರರಿ ಮೆಟ್ಟಿಲ ಮೇಲೆ ಈ ವರ್ಷ ಸೇರಿದ ಹುಡುಗಿಯರು ಅವನ್ನೇ ಬೊಗಸೆಯಲ್ಲಿ ತೂರಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ, ಅಕ್ಕಾ ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಬರುವುದಿಲ್ಲ, ನಿಮ್ಮ ಫೋಟೋದಲ್ಲಿ ನನ್ನ ಮೋರೆಯೂ ಇರಲಿ, ಹಾಳಾಗಲಿ — ಮೂರು ವರ್ಷ ಈ ಎಲೆಗಳನ್ನು ನಾನು ತೂರಲಿಲ್ಲ, ಪಿಎಚ್‌ಡಿಗೆಂದು ತೂಗಿದೆ, ನಲವತ್ತು ಮರ, ಅವುಗಳಡಿ ಕಟ್ಟಿದ ನಲವತ್ತು ಬಲೆ, ಎಲೆ ಉದುರುವ ಕಾಲ ಬಂತೆಂದರೆ ದಿನಾ ಬೆಳಿಗ್ಗೆ ಬಲೆಗೆ ಬಿದ್ದದ್ದನ್ನು ಚೀಲಕ್ಕೆ ತುಂಬಿ, ಒಣಗಿಸಿ, ತೂಗಿ, ನೋಟ್‌ಬುಕ್ಕಿಗೆ ಇಳಿಸಿ, ಬೆರಳ ಸಂದಿಯೆಲ್ಲ ಬಿರಿದು ಹೋಗಿತ್ತು, ನನ್ನ ಗೈಡು ಒಂದು ದಿನ ಬಗ್ಗಿ ಒಂದು ಎಲೆ ಎತ್ತಿದ್ದರೆ ಕೇಳಿ, ಅವರ ಸೊಂಟ ಬಗ್ಗುವುದು ಕುಲಪತಿಗಳ ಎದುರಿಗೆ ಮಾತ್ರ, ಆದರೂ ಪ್ರಬಂಧ ಅಚ್ಚಾದಾಗ ಹೆಸರು ಅವರೊಬ್ಬರದೇ, ಕೊನೆಯ ಕೃತಜ್ಞತೆಯ ಸಾಲಿನಲ್ಲೂ ನಾನಿಲ್ಲ, ಕೇಳಲು ಹೋದರೆ ನಕ್ಕುಬಿಟ್ಟರು, ಎಲೆ ಆರಿಸೋದು ಸಂಶೋಧನೆ ಅಲ್ಲಮ್ಮ, ಅದನ್ನ ಮಾಲಿನೂ ಮಾಡ್ತಾನೆ. ದೂರು ಕೊಟ್ಟೆ. ಇವತ್ತು ಬೆಳಿಗ್ಗೆ ವಿಚಾರಣೆ, ಉದ್ದ ಮೇಜು, ಮೂವರು ಹಿರಿಯರು, ತಟ್ಟೆ ತುಂಬ ಬಿಸ್ಕತ್ತು, ಗೈಡು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಾರೆ, ತೂಗಿದ್ದು ನಾನು, ನಾನು ಹೇಳಿದ ಅಂಕಿ ಇವಳು ಬರ್ಕೊಂಡಿದ್ದಾಳೆ, ಅಷ್ಟೇ, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ ಪುಣ್ಯಾತ್ಮನಿಗೆ, ಹಾಗಾದರೆ ನನ್ನ ರೂಮಿನವಳನ್ನು ಕೇಳಿ ಸರ್ ಎಂದೆ, ಎದೆಯುಬ್ಬಿಸಿ ಎಂದೆ, ದಡ್ಡಿ ನಾನು.

ಹೋದ ವರ್ಷ ನನಗೆ ಜ್ವರ, ಏಳಲಾಗದ ಜ್ವರ, ನೀನು ಮಲ್ಕೊಳ್ಳೆ, ನಾನಿಲ್ವಾ, ಎಂದು ನನ್ನ ಸ್ವೆಟರ್ ಹಾಕಿಕೊಂಡು ಹನ್ನೊಂದು ದಿನ ಮಂಜಿನಲ್ಲಿ ಅವಳೇ ಹೋದಳು, ಬಲೆ ಬಿಚ್ಚಿದಳು, ತೂಗಿದಳು, ಹನ್ನೊಂದು ಪುಟ ಅವಳದೇ ಅಕ್ಷರ, ಬಂದವಳೇ ಮರಗಟ್ಟಿದ ಕೈಯನ್ನು ನನ್ನ ಹಣೆಗೆ ಒತ್ತಿ, ನಿಂಗೂ ತಂಪು ನಂಗೂ ಬಿಸಿ ಕಣೆ, ಎಂದು ನಗುತ್ತಿದ್ದಳು, ಆ ನಗೆಗೆ ಬೆಂಕಿ ಬೀಳಲಿ. ಅವಳನ್ನು ಒಳಗೆ ಕರೆಸಿ ಕೂರಿಸಿ ಕೇಳಿದರು, ಹೋದ ವರ್ಷ ಎಲೆ ತೂಗಿದ್ದು ನೀವೇನಮ್ಮ? ನೆನಪಿಲ್ಲ ಸರ್. ನೆನಪಿಲ್ಲ! ನಾನು ಎದ್ದು ಹೋಗಿ ಪುಟ ತೆರೆದು ಅವಳ ಮೂಗಿನ ಮುಂದೆ ಹಿಡಿದೆ, ಇದು ಯಾರ ಅಕ್ಷರ ಹೇಳೆ, ಅವಳು ಪುಟ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ಕನ್ನಡಕ ತೆಗೆದಳು, ಮಡಿಲಲ್ಲಿಟ್ಟುಕೊಂಡಳು, ಕನ್ನಡಕ ಇಲ್ದೆ ನಂಗೆ ಓದೋಕಾಗಲ್ಲ ಸರ್ — ಹಾಕಿಕೋ ಎಂದು ಮೂವರಲ್ಲಿ ಒಬ್ಬರೂ ಅನ್ನಲಿಲ್ಲ, ನಡುವಿನವರು ಬಿಸ್ಕತ್ತು ಮುರಿದು, ಸಾಕ್ಷಿ ಇಲ್ಲವಲ್ಲಮ್ಮ, ಇಲ್ಲಿಗೇ ಮುಗಿಸೋಣ, ಎಂದರು, ಮುಗಿಯಿತು, ಮೂರು ವರ್ಷ ಚಹಾ ಆರುವಷ್ಟರಲ್ಲಿ ಮುಗಿಯಿತು. ಹಾಸ್ಟೆಲಿನ ಮೆಟ್ಟಿಲು ಎರಡೆರಡಾಗಿ ಹತ್ತುತ್ತೇನೆ, ಕೆನ್ನೆಗೆ ಬಾರಿಸಬೇಕು, ಅದೊಂದೇ, ಆಮೇಲೆ ಏನಾದರೂ ಆಗಲಿ, ಬಾಗಿಲು ತಳ್ಳಿದರೆ ಇದ್ದಾಳೆ, ಮಂಚದ ತುದಿಯಲ್ಲಿ, ಲೈಟು ಹಾಕದೆ, ಮುಂದಿನ ತಿಂಗಳು ನನ್ನ ಥೀಸಿಸ್‌ಗೂ ನಿನ್ನ ಗೈಡೇ ಸಹಿ ಹಾಕ್ಬೇಕಲ್ಲೇ, ನಾನೇನ್ ಮಾಡ್ಲಿ, ನೀನೇ ಹೇಳು — ಕೈ ಎತ್ತಿದ್ದೇನೆ, ಎತ್ತಿಯೇ ಬಿಟ್ಟಿದ್ದೇನೆ, ಅವಳು ಹಿಂದೆ ಸರಿಯುತ್ತಿಲ್ಲ, ಅಡ್ಡ ಕೈ ಹಿಡಿಯುತ್ತಿಲ್ಲ, ಕನ್ನಡಕ ತೆಗೆಯುತ್ತಾಳೆ, ಒಡೆಯದ ಹಾಗೆ ದಿಂಬಿನ ಪಕ್ಕ ಇಡುತ್ತಾಳೆ, ಕೆನ್ನೆ ತಿರುಗಿಸಿ ಕಾಯುತ್ತಾಳೆ, ಹೊಡೆ, ಹೊಡೆ ನೀನು, ಎನ್ನುತ್ತೇನೆ ನನಗೇ, ಇದಕ್ಕೇ ತಾನೆ ಬಂದದ್ದು, ಮೂಗಿನ ಈಚೆಗೊಂದು ಆಚೆಗೊಂದು ಕೆಂಪು ಗುಳಿ, ಕನ್ನಡಕ ಒತ್ತಿದ ಗುಳಿ, ಬೆಳಿಗ್ಗೆ ಆ ಮೇಜಿನ ಮುಂದೆಯೂ ಅವೇ, ಕೆಂಪಗೆ, ಕಣ್ಣೀರಿಗೆ ಒದ್ದೆಯಾಗಿ, ಹೊಡೆ — ಎತ್ತಿದ ಕೈ ಎತ್ತಿದಲ್ಲೇ — ಎರಡು ಕೆಂಪು ಗುಳಿ — ಎರಡು ಕೆಂಪು